ಗುರಿ ಇಡುವುದು ಹೇಗೆ? ಸಾಫ್ಟ್‌ಬಾಲ್ ಆಡುವ ಹುಡುಗಿಯರಿಂದ ಒಂದು ಪಾಠ



"ದೊಡ್ಡವಳಾದ ಮೇಲೆ ಏನಾಗ್ತೀಯ?" ಅಂತ ಮಕ್ಕಳನ್ನು ಕೇಳದ ಮನೆ ಇಲ್ಲ. ಡಾಕ್ಟರ್, ಟೀಚರ್, ಪೊಲೀಸ್ ಎಂದು ಉತ್ತರವೂ ಥಟ್ಟನೆ ಬರುತ್ತದೆ. "ಸರಿ, ಅದಕ್ಕೆ ನಾಳೆ ಬೆಳಿಗ್ಗೆ ಏನು ಮಾಡ್ತೀಯ?" ಎಂದು ಕೇಳಿ ನೋಡಿ. ಮಗು ಸುಮ್ಮನಾಗುತ್ತದೆ. ಕೇಳಿದ ನಾವೂ ಸುಮ್ಮನಾಗುತ್ತೇವೆ, ಯಾಕೆಂದರೆ ಉತ್ತರ ನಮಗೂ ಗೊತ್ತಿರುವುದಿಲ್ಲ. ಗುರಿ ಇರಬೇಕು ಎಂಬ ಭಾಷಣವನ್ನು ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ. ಗುರಿ ಇಡುವ ಕೆಲಸವನ್ನು ಮಾತ್ರ ಯಾರೂ ಕೈ ಹಿಡಿದು ಕಲಿಸಿದ್ದಿಲ್ಲ.

ಈ ಸಲ ಅದನ್ನು ಒಂದು ಆಟದ ಮೂಲಕ ನೋಡೋಣ ಎಂದುಕೊಂಡಿದ್ದೇವೆ. ಆಟದ ಹೆಸರು ಸಾಫ್ಟ್‌ಬಾಲ್. ಅದರಲ್ಲೂ ಚೆಂಡು ಎಸೆಯುವ ಹುಡುಗಿ, ಅಂದರೆ ಪಿಚರ್, ತನ್ನ ಗುರಿಗಳನ್ನು ಹೇಗೆ ಇಟ್ಟುಕೊಳ್ಳುತ್ತಾಳೆ ಎಂಬ ವಿಷಯ. ಇಷ್ಟೆಲ್ಲಾ ಆಟಗಳಿರುವಾಗ ಇದೇ ಯಾಕೆ ಅಂತ ನೀವು ಕೇಳಬಹುದು. ಕಾರಣ ಸರಳ. ಪಿಚರ್ ಎಸೆಯುವ ಒಂದೊಂದು ಚೆಂಡಿಗೂ ಅಲ್ಲೇ ತೀರ್ಪು ಸಿಗುತ್ತದೆ. ಸರಿಯಾಗಿ ಬಿತ್ತೋ ಇಲ್ಲವೋ, ಎಲ್ಲರಿಗೂ ಕಾಣುತ್ತದೆ. ಬಚ್ಚಿಡಲು ಜಾಗವಿಲ್ಲ. ಇಂಥ ಕಡೆ ತಪ್ಪು ಗುರಿ ಇಟ್ಟರೆ ಹನ್ನೆರಡು ವರ್ಷದ ಮಗು ಎಷ್ಟು ಬೇಗ ಸೋತು ಹೋಗುತ್ತದೆ, ಸರಿಯಾದ ಗುರಿ ಇಟ್ಟರೆ ಎಷ್ಟು ದೂರ ಹೋಗುತ್ತದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಆಟದ ಪರಿಚಯ

ಸಾಫ್ಟ್‌ಬಾಲ್ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1887ರ ಚಳಿಗಾಲದ ಹೊತ್ತಿಗೆ. ಕ್ಲಬ್ಬೊಂದರ ಒಳಗೆ ಹೊತ್ತು ಹೋಗದೆ ಕುಳಿತಿದ್ದ ಯುವಕರು ಬಾಕ್ಸಿಂಗ್ ಗ್ಲೌಸನ್ನು ಮುದ್ದೆ ಕಟ್ಟಿ ಚೆಂಡು ಮಾಡಿ, ಪೊರಕೆಯ ಕೋಲಿನಿಂದ ಹೊಡೆದು ಆಡಿದ ಆಟ ಅದು. ಹೆಸರು 'ಸಾಫ್ಟ್' ಅಂತಿದ್ದರೂ ಇಂದಿನ ಚೆಂಡು ಮೆತ್ತಗಿಲ್ಲ. ಸುತ್ತಳತೆ ಸುಮಾರು 30 ಸೆಂಟಿಮೀಟರ್, ತೂಕ 180ರಿಂದ 200 ಗ್ರಾಂ. ತಗುಲಿದರೆ ಚೆನ್ನಾಗಿಯೇ ನೋಯುತ್ತದೆ. ಭಾರತಕ್ಕೂ ಈ ಆಟ ತೀರಾ ಹೊಸದಲ್ಲ. ಭಾರತ ಸಾಫ್ಟ್‌ಬಾಲ್ ಸಂಸ್ಥೆ 1961ರಲ್ಲೇ ಸ್ಥಾಪನೆಯಾಯಿತು, ರಾಷ್ಟ್ರೀಯ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲೂ ಸಾಫ್ಟ್‌ಬಾಲ್ ಇದೆ. ಆದರೂ ನಮ್ಮ ಕಡೆ ಲಗೋರಿ, ಥ್ರೋಬಾಲ್ ಆಡಿದವರ ಮುಂದೆ ಸಾಫ್ಟ್‌ಬಾಲ್ ಆಡಿದವರು ಕಡಿಮೆ. ಹಾಗಾಗಿ ಎರಡು ಮಾತು ವಿವರಿಸಬೇಕು.

ಪಿಚರ್ ಎಂದರೆ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವಂತಿಲ್ಲ. ಮೈದಾನದ ನಡುವೆ ಒಂದು ಸಣ್ಣ ವೃತ್ತ, ಅದರೊಳಗೆ ನೆಲದಲ್ಲಿ ಹೂತ ರಬ್ಬರ್ ಪಟ್ಟಿ. ಅದರ ಮೇಲೆ ನಿಂತು, ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡನ್ನು ಬಿಡಬೇಕು. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬ್ಯಾಟ್ ಹಿಡಿದವಳ ಮುಂದೆ ಹಾದುಹೋಗಬೇಕು. ದೊಡ್ಡ ಹೆಂಗಸರ ಆಟದಲ್ಲಿ ಈ ದೂರ 43 ಅಡಿ, ಅಂದರೆ 13 ಮೀಟರ್ ಚಿಲ್ಲರೆ. ಅಮೆರಿಕದಲ್ಲಿ ಹತ್ತು ವರ್ಷದೊಳಗಿನವರಿಗೆ 35 ಅಡಿ, ಹನ್ನೆರಡರೊಳಗಿನವರಿಗೆ 40 ಅಡಿ. ಮುಟ್ಟಬೇಕಾದ ಜಾಗ ಚಿಕ್ಕದು. ಅಗಲ 43 ಸೆಂಟಿಮೀಟರ್, ಎತ್ತರ ಬ್ಯಾಟ್ ಹಿಡಿದವಳ ಮೊಣಕಾಲಿನಿಂದ ಕಂಕುಳಿನವರೆಗೆ. ಆ ಜಾಗದಲ್ಲಿ ಹೋದರೆ 'ಸ್ಟ್ರೈಕ್'. ಹೊರಗೆ ಹೋಗಿ, ಆಕೆ ಬ್ಯಾಟ್ ಬೀಸದಿದ್ದರೆ 'ಬಾಲ್'. ಮೂರು ಸ್ಟ್ರೈಕಿಗೆ ಆಕೆ ಔಟ್. ನಾಲ್ಕು ಬಾಲ್ ಆದರೆ ಪುಕ್ಕಟೆಯಾಗಿ ಮೊದಲ ನಿಲ್ದಾಣಕ್ಕೆ ನಡೆದುಕೊಂಡು ಹೋಗುತ್ತಾಳೆ.

ಆ ಪುಕ್ಕಟೆ ನಡಿಗೆಯೇ ಎಳೆಯ ಪಿಚರ್‌ನ ಕಣ್ಣಲ್ಲಿ ನೀರು ತರಿಸುವುದು. ಹೊಡೆತ ತಿಂದರೆ ಅಷ್ಟು ಬೇಜಾರಿಲ್ಲ, ಎದುರಿನವಳು ಚೆನ್ನಾಗಿ ಆಡಿದಳು ಎನ್ನಬಹುದು. ಆದರೆ ಚೆಂಡು ನೇರ ಹೋಗುತ್ತಲೇ ಇಲ್ಲ, ಒಬ್ಬೊಬ್ಬರಾಗಿ ನಾಲ್ಕು ಜನ ನಡೆದುಕೊಂಡೇ ಹೋಗಿ ಎದುರಿನವರಿಗೆ ಪಾಯಿಂಟ್ ಸಿಕ್ಕಿತು, ಹಿಂದೆ ನಿಂತ ಎಂಟು ಮಂದಿ ಗೆಳತಿಯರು ಕೈ ಕಟ್ಟಿ ನೋಡುತ್ತಿದ್ದಾರೆ, ಬೇಲಿಯಾಚೆ ಅಪ್ಪ ಅಮ್ಮ ನಿಂತಿದ್ದಾರೆ. ಆ ವೃತ್ತದೊಳಗೆ ಒಬ್ಬಳೇ ನಿಂತ ಮಗುವಿನ ಸ್ಥಿತಿ ಹೇಗಿರಬೇಡ! ಇಂಥ ಒಂದೆರಡು ದಿನಗಳ ನಂತರ "ನನಗೆ ಪಿಚಿಂಗ್ ಬೇಡ" ಎನ್ನುವ ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ.

ಯಾರ ಕೈಯಲ್ಲಿದೆ ಗುರಿ?

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅಮೆರಿಕದ ಯಾವುದೋ ಸಣ್ಣ ಪಟ್ಟಣ, ಸಂಜೆ ಹೊತ್ತು, ಮನೆಯ ಹಿತ್ತಿಲು. ಅಪ್ಪ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಾನೆ, ಕೈಗೆ ದೊಡ್ಡ ಗ್ಲೌಸು. ಮಗಳು ನಲ್ವತ್ತು ಅಡಿ ದೂರದಿಂದ ಎಸೆಯುತ್ತಾಳೆ, ಅವನು ಹಿಡಿಯುತ್ತಾನೆ. ಈ ಬಕೆಟ್ ಅಪ್ಪಂದಿರು (ಅಮ್ಮಂದಿರೂ ಇದ್ದಾರೆ) ಅಲ್ಲಿ ಎಷ್ಟು ಸಾಮಾನ್ಯವೆಂದರೆ ಅವರಿಗೆ ಅದೇ ಹೆಸರು ಬಿದ್ದಿದೆ. ಈ ಮಗಳನ್ನು ನಿನ್ನ ಗುರಿ ಏನಮ್ಮಾ ಎಂದು ಕೇಳಿದರೆ ಮೂರು ಉತ್ತರ ಬರಬಹುದು. "ಶನಿವಾರದ ಪಂದ್ಯ ಗೆಲ್ಲಬೇಕು." "ಈ ವರ್ಷದ ಕೊನೆಗೆ ನನ್ನ ಹತ್ತು ಚೆಂಡಿನಲ್ಲಿ ಆರು ಸ್ಟ್ರೈಕ್ ಆಗಬೇಕು." "ಪ್ರತಿ ಸಲ ಚೆಂಡು ಬಿಡುವಾಗ ಮಣಿಕಟ್ಟು ಸಡಿಲವಾಗಿರಬೇಕು."

ಮೂರೂ ಗುರಿಗಳೇ. ಆದರೆ ಜಾತಿ ಬೇರೆ. ಮೊದಲನೆಯದು ಫಲದ ಗುರಿ, ಎರಡನೆಯದು ಸಾಧನೆಯ ಗುರಿ, ಮೂರನೆಯದು ಕೆಲಸದ ಗುರಿ. ಕ್ರೀಡಾ ಮನಶ್ಶಾಸ್ತ್ರದವರು ಬಹಳ ಕಾಲದಿಂದ ಈ ಮೂರನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಶನಿವಾರ ಗೆಲ್ಲುವುದು ಪಿಚರ್‌ನ ಕೈಯಲ್ಲಿ ಪೂರ್ತಿಯಾಗಿ ಇಲ್ಲವೇ ಇಲ್ಲ. ಅವಳು ಚೊಕ್ಕವಾಗಿ ಎಸೆದ ಚೆಂಡನ್ನು ಎದುರಿನವಳು ಮೆಲ್ಲಗೆ ತಟ್ಟಿದಳು, ಅದು ಗೆಳತಿಯ ಗ್ಲೌಸಿನಿಂದ ಜಾರಿ ಬಿತ್ತು, ಪಾಯಿಂಟ್ ಹೋಯಿತು. ಅಂಪೈರ್ ಕಣ್ಣಿಗೆ ಅಂಚಿನ ಚೆಂಡು ಹೊರಗೆ ಕಂಡಿತು. ಮಳೆ ಬಂತು. ಎದುರು ತಂಡದಲ್ಲಿ ತಲೆ ಎತ್ತರದ ಹುಡುಗಿಯರೇ ತುಂಬಿದ್ದರು. ಇದರಲ್ಲಿ ಯಾವುದಕ್ಕೆ ಅವಳು ಹೊಣೆ? ಹತ್ತಕ್ಕೆ ಆರು ಸ್ಟ್ರೈಕ್ ಎಂಬುದು ಬಹುಪಾಲು ಅವಳ ಕೈಯಲ್ಲಿದೆ. ಮಣಿಕಟ್ಟನ್ನು ಸಡಿಲ ಬಿಡುವುದು? ಅದು ಪೂರ್ತಿ ಅವಳದ್ದೇ. ಸೋತ ದಿನವೂ ಅದನ್ನು ಸಾಧಿಸಬಹುದು, ಗೆದ್ದ ದಿನ ಅದರಲ್ಲಿ ಸೋಲಲೂಬಹುದು.

ಹಾಗಂತ ದೊಡ್ಡ ಕನಸು ಬೇಡವೆಂದಲ್ಲ. ಒಲಿಂಪಿಕ್ಸ್ ಅಂತ ಗೋಡೆ ಮೇಲೆ ಬರೆದಿಟ್ಟರೆ ಇಟ್ಟುಕೊಳ್ಳಲಿ. ಬೆಳಗಿನ ಚಳಿಯಲ್ಲಿ ಎಬ್ಬಿಸುವುದು ಅದೇ. ಆದರೆ ಅಂಗಳಕ್ಕೆ ಇಳಿದ ಮೇಲೆ ಆ ಕನಸಿಗೆ ಹೆಚ್ಚು ಕೆಲಸವಿಲ್ಲ, ಮಣಿಕಟ್ಟಿಗೆ ಕೆಲಸವಿದೆ.

ಇನ್ನೊಂದು ಮಾತು. ತರಬೇತಿ ಶಿಬಿರಗಳಿಗೆ ಹೋದವರೆಲ್ಲ 'ಸ್ಮಾರ್ಟ್' ಗುರಿಯ ಪಾಠ ಕೇಳಿಯೇ ಇರುತ್ತೀರಿ: ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಕಾಲಮಿತಿ ಇರಬೇಕು, ಇತ್ಯಾದಿ. 1981ರಲ್ಲಿ ಜಾರ್ಜ್ ಡೊರಾನ್ ಎಂಬುವರು ಕಂಪನಿಗಳ ಮ್ಯಾನೇಜರುಗಳಿಗಾಗಿ ಬರೆದ ಸೂತ್ರ ಅದು. ಒಳ್ಳೆಯದೇ. ಆದರೆ ಆ ಸೂತ್ರದಲ್ಲಿ "ಇದು ಯಾರ ಗುರಿ?" ಎಂಬ ಪ್ರಶ್ನೆ ಇಲ್ಲ. ಮಕ್ಕಳ ವಿಷಯದಲ್ಲಿ ಅದೇ ಮೊದಲ ಪ್ರಶ್ನೆ ಎಂದು ನಮಗೆ ತೋರುತ್ತದೆ. ಇದಕ್ಕೆ ಮುಂದೆ ಬರುತ್ತೇವೆ.

ಎರಡು ಕಂಬ, ನಾಲ್ಕು ದಾರ, ಒಂದು ನೋಟ್ ಪುಸ್ತಕ

ಕೆಲಸದ ಗುರಿ ಅಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. "ಚೆನ್ನಾಗಿ ಪ್ರಾಕ್ಟೀಸ್ ಮಾಡು" ಎನ್ನುವುದು ಗುರಿಯಲ್ಲ. ಅದನ್ನು ಕೇಳಿದ ಮಗು ಅರ್ಧ ಗಂಟೆ ಎಸೆದು, ಬೆವರು ಸುರಿಸಿ, ಏನೂ ಕಲಿಯದೆ ಒಳಗೆ ಬರುತ್ತದೆ. ನಿಮ್ಮಿಂದ ಸಾಧ್ಯವಾದಷ್ಟು ಮಾಡಿ ಎಂದು ಹೇಳಿಸಿಕೊಂಡವರಿಗಿಂತ, ಇಷ್ಟು ಎಂದು ನಿಖರವಾದ, ಸ್ವಲ್ಪ ಕಷ್ಟದ ಗುರಿ ಪಡೆದವರು ಹೆಚ್ಚು ಸಾಧಿಸುತ್ತಾರೆ ಎಂಬುದನ್ನು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಸಂಶೋಧನೆ ಮಾಡಿ ತೋರಿಸಿದ್ದಾರೆ.

ಪಿಚಿಂಗ್ ಕಲಿಸುವವರು ಎಸೆತವನ್ನು ಹಿಂದಿನಿಂದ ಮುಂದಕ್ಕೆ ಕಲಿಸುತ್ತಾರೆ. ಅಂದರೆ ಕೊನೆಯ ಭಾಗ ಮೊದಲು. ಎರಡು ಮೂರು ಮೀಟರ್ ದೂರದಲ್ಲಿ ನಿಂತು ಬರೀ ಮಣಿಕಟ್ಟನ್ನು ಝಾಡಿಸಿ ಚೆಂಡು ಬಿಡುವುದು. ಅದು ಕೈಗೆ ಹತ್ತಿದ ಮೇಲೆ ತೋಳನ್ನು ತಲೆಯ ಮೇಲಕ್ಕೆ ಎತ್ತಿ ಅಲ್ಲಿಂದ ಅರ್ಧ ಸುತ್ತು. ಆಮೇಲೆ ನಿಂತಲ್ಲೇ ಪೂರ್ತಿ ಸುತ್ತು. ಕೊನೆಗೆ ಕಾಲಿನ ನೂಕು ಸೇರಿಸಿ, ಮುಂದಕ್ಕೆ ದೊಡ್ಡ ಹೆಜ್ಜೆ ಹಾಕಿ ಎಸೆಯುವುದು. ವೇಗದ ಬಹುಪಾಲು ಬರುವುದು ಕಾಲು, ಸೊಂಟಗಳಿಂದ. ತೋಳು ಅದನ್ನು ಚೆಂಡಿಗೆ ಮುಟ್ಟಿಸುತ್ತದೆ. ಹೀಗೆ ಸರಪಳಿಯಂತೆ ಇರುವುದರಿಂದ ಒಂದೊಂದು ಕೊಂಡಿಗೂ ಒಂದೊಂದು ಸಣ್ಣ ಗುರಿ ಇಡಬಹುದು.

ಈಗ ನಮ್ಮ ಹಿತ್ತಿಲಿನ ಹುಡುಗಿಗೆ ಬನ್ನಿ. ಎರಡು ಕಂಬ ನೆಟ್ಟು, ಅಡ್ಡ ಉದ್ದ ದಾರ ಕಟ್ಟಿ ಸ್ಟ್ರೈಕ್ ಜಾಗವನ್ನು ಗುರುತು ಮಾಡುತ್ತಾರೆ. ಖರ್ಚಿಲ್ಲದ ಹಳೆಯ ಉಪಾಯ. ಮೊದಲ ದಿನ ಕೆಳಗಿನ ಹೊರ ಮೂಲೆಗೆ ಇಪ್ಪತ್ತು ಚೆಂಡು ಎಸೆಯಲಿ. ಆರು ಸರಿಯಾಗಿ ಹೋಯಿತು ಎಂದಿಟ್ಟುಕೊಳ್ಳಿ. ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ 'ಇಪ್ಪತ್ತಕ್ಕೆ ಆರು' ಎಂದು ಬರೆಯಬೇಕು. ನಾಚಿಕೆ ಬೇಡ. ಎಲ್ಲಿ ನಿಂತಿದ್ದೇವೆ ಎಂದು ಗೊತ್ತಿಲ್ಲದೆ ಎಲ್ಲಿಗೆ ಹೋಗಬೇಕು ಎಂದು ಹೇಳಲಾಗದು. ಈಗ ಗುರಿ? ಇಪ್ಪತ್ತಕ್ಕೆ ಇಪ್ಪತ್ತು ಅಂತ ಬರೆದರೆ ನಾಲ್ಕೇ ದಿನದಲ್ಲಿ ಪುಸ್ತಕ ಮಂಚದ ಕೆಳಗೆ ಹೋಗುತ್ತದೆ. ಮೂರು ವಾರದಲ್ಲಿ ಎಂಟು. ಅಷ್ಟೇ. ಎರಡು ಚೆಂಡು ಹೆಚ್ಚು. ನಗು ಬರಬಹುದು, ಆದರೆ ಅದು ಮೂರರಲ್ಲಿ ಒಂದು ಪಾಲಿನಷ್ಟು ಪ್ರಗತಿ.

ಮೂರು ವಾರವಾದರೂ ಆರರಲ್ಲೇ ನಿಂತಿದ್ದರೆ? ಆಗ ಬೈಯುವುದಲ್ಲ, ನೋಡುವುದು. ತಪ್ಪಿದ ಚೆಂಡುಗಳು ಎಲ್ಲಿ ಹೋಗುತ್ತಿವೆ ಎಂದೂ ಪುಸ್ತಕದಲ್ಲಿ ಬರೆದಿದ್ದರೆ ಉತ್ತರ ಅಲ್ಲೇ ಇರುತ್ತದೆ. ಎಲ್ಲವೂ ತಲೆಯ ಮೇಲೆ ಹೋಗುತ್ತಿದ್ದರೆ ಚೆಂಡನ್ನು ತಡವಾಗಿ ಬಿಡುತ್ತಿದ್ದಾಳೆ. ನೆಲಕ್ಕೆ ಬೀಳುತ್ತಿದ್ದರೆ ಬೇಗ ಬಿಡುತ್ತಿದ್ದಾಳೆ. ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ತೋಳಿನ ಸುತ್ತು ನೇರವಿಲ್ಲ, ಇಲ್ಲವೇ ಮುಂದಿಟ್ಟ ಹೆಜ್ಜೆ ಗೆರೆ ತಪ್ಪಿದೆ. ಹಾಗಿದ್ದಾಗ ಮುಂದಿನ ವಾರದ ಗುರಿ ಬದಲಾಗುತ್ತದೆ: ಚೆಂಡು ಎಲ್ಲಿಗೆ ಬೇಕಾದರೂ ಹೋಗಲಿ, ನೆಲದ ಮೇಲೆ ಎಳೆದ ಸುಣ್ಣದ ಗೆರೆಯ ಮೇಲೆ ಹೆಜ್ಜೆ ಬೀಳಲಿ. ಇಪ್ಪತ್ತಕ್ಕೆ ಎಷ್ಟು ಬಿತ್ತು, ಬರೆ. ಗುರಿಯನ್ನು ಕೆಳಗೆ ಇಳಿಸಿದ ಹಾಗೆ ಇದು ಕಾಣುತ್ತದೆ. ನಿಜವಾಗಿ ಗುರಿಯನ್ನು ತಪ್ಪಿನ ಹತ್ತಿರಕ್ಕೆ ತಂದದ್ದು.

ವೇಗ ಮೊದಲೋ, ನಿಖರತೆ ಮೊದಲೋ ಎಂಬುದು ಕೋಚುಗಳ ನಡುವೆ ಮುಗಿಯದ ಜಗಳ. ಮೊದಲು ಜೋರಾಗಿ ಎಸೆಯಲು ಬಿಡಿ, ಗುರಿ ಆಮೇಲೆ ಬರುತ್ತದೆ, ಮೆಲ್ಲಗೆ ಗುರಿಯಿಟ್ಟು ಎಸೆದು ಅಭ್ಯಾಸವಾದ ಮಗುವಿಗೆ ವೇಗ ಬರೋದೇ ಇಲ್ಲ ಅಂತ ಒಂದು ಪಂಗಡ. ಇಷ್ಟೊಂದು ಪುಕ್ಕಟೆ ನಡಿಗೆ ಕೊಟ್ಟರೆ ಮಗು ಆಟವನ್ನೇ ಬಿಡುತ್ತದೆ ಅಂತ ಇನ್ನೊಂದು. ಎರಡರಲ್ಲೂ ಸತ್ಯವಿದೆ. ನಮಗೆ ಸರಿ ಕಾಣುವುದು ಇದು: ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ವೇಗದ ಗುರಿ, ಪಂದ್ಯದ ತಿಂಗಳುಗಳಲ್ಲಿ ಮೂಲೆಯ ಗುರಿ. ಒಂದೇ ವಾರ ಎರಡನ್ನೂ ಕೇಳಬಾರದು. ವೇಗದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕದ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ವೇಗದಲ್ಲಿ ಎಸೆದು ದಾಖಲೆ ಮಾಡಿದರು. ಅವರು ಆರಡಿ ಮೂರಂಗುಲ ಎತ್ತರ. ಹನ್ನೆರಡರ ಮಗು ಎಷ್ಟು ಎತ್ತರ ಬೆಳೆಯುತ್ತದೆ ಎಂಬುದು ಯಾರ ಗುರಿಪಟ್ಟಿಗೂ ಸಿಗುವುದಿಲ್ಲ. ಹೋದ ತಿಂಗಳ ತನ್ನ ವೇಗಕ್ಕೂ ಈ ತಿಂಗಳ ತನ್ನ ವೇಗಕ್ಕೂ ಹೋಲಿಸಿಕೊಂಡರೆ ಸಾಕು.

ಪಂದ್ಯದೊಳಗಿನ ಗುರಿ

ಇದುವರೆಗೆ ಹೇಳಿದ್ದು ಹಿತ್ತಿಲಿನ ಮಾತು. ಪಂದ್ಯದ ದಿನ ಎದೆ ಹೊಡೆದುಕೊಳ್ಳುತ್ತಿರುವಾಗ ಗುರಿ ಹೇಗಿರಬೇಕು? 'ಚೇಂಜಪ್' ಎಂಬ ಎಸೆತದ ಉದಾಹರಣೆ ಕೊಡುತ್ತೇವೆ. ತೋಳು ಎಂದಿನ ವೇಗದಲ್ಲೇ ತಿರುಗುತ್ತದೆ, ಆದರೆ ಹಿಡಿತದ ಚಮತ್ಕಾರದಿಂದ ಚೆಂಡು ಮಾತ್ರ ಗಂಟೆಗೆ ಹದಿನೈದು ಇಪ್ಪತ್ತು ಕಿ.ಮೀ. ನಿಧಾನವಾಗಿ ಬರುತ್ತದೆ. ಒಳ್ಳೆಯ ಪಿಚರ್‌ಳ ವೇಗದ ಚೆಂಡು ಅರ್ಧ ಸೆಕೆಂಡೂ ತೆಗೆದುಕೊಳ್ಳದೆ ಎದುರಿನವಳನ್ನು ಮುಟ್ಟುತ್ತದೆ. ಆ ಲೆಕ್ಕದಲ್ಲೇ ಬ್ಯಾಟ್ ಬೀಸಿದವಳು ಚೇಂಜಪ್ ಬರುವ ಮೊದಲೇ ಬೀಸಿ ಮುಗಿಸಿರುತ್ತಾಳೆ. ಕಲಿತರೆ ಬಹಳ ಉಪಯೋಗ. ಆದರೆ ಎಳೆಯ ಪಿಚರ್‌ಗಳು ಅದನ್ನು ಪಂದ್ಯದಲ್ಲಿ ಎಸೆಯಲು ಹೆದರುತ್ತಾರೆ. ನಿಧಾನದ ಚೆಂಡು, ಗುಟ್ಟು ಬಯಲಾದರೆ ದೂರಕ್ಕೆ ಹೊಡೆಸಿಕೊಳ್ಳಬೇಕಾಗುತ್ತದೆ. ಹೆದರಿ ಎಸೆಯದಿದ್ದರೆ ಎಂದಿಗೂ ಬರುವುದಿಲ್ಲ.

ಇಲ್ಲಿ ಗುರಿಯನ್ನು "ಚೇಂಜಪ್‌ನಲ್ಲಿ ಮೂವರನ್ನು ಔಟ್ ಮಾಡು" ಎಂದಿಡಬಾರದು. "ಈ ಪಂದ್ಯದಲ್ಲಿ ಹತ್ತು ಚೇಂಜಪ್ ಎಸೆ, ಏನೇ ಆಗಲಿ" ಎಂದಿಡಬೇಕು. ಹತ್ತರಲ್ಲಿ ನಾಲ್ಕನ್ನು ಹೊಡೆದರೂ ಆ ದಿನದ ಗುರಿ ಮುಟ್ಟಿದಂತೆಯೇ. ಪಂದ್ಯ ಸೋತರೂ ಮುಟ್ಟಿದಂತೆಯೇ. ತಂಡದ ಕೋಚ್ ಇದಕ್ಕೆ ಒಪ್ಪಿರಬೇಕು, ಇಲ್ಲದಿದ್ದರೆ ಮಗು ಇಬ್ಬರ ನಡುವೆ ಸಿಕ್ಕಿಬೀಳುತ್ತದೆ. ಕೋಚಿಗೂ ಮನೆಯವರಿಗೂ ಗುರಿ ಬೇರೆ ಬೇರೆ ಇರುವ ಕಡೆ ಮಗುವಿನ ಪಾಡು ನಾಯಿಪಾಡು.

ಹೆಗಲಿನ ಲೆಕ್ಕ

ಕೆಳಗಿನಿಂದ ಎಸೆಯುವುದು ಸಹಜವಾದ ಚಲನೆ, ಅದರಿಂದ ತೋಳಿಗೆ ಏನೂ ಆಗುವುದಿಲ್ಲ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಅದು ತಪ್ಪು. ತೋಳು ಪೂರ್ತಿ ಸುತ್ತು ತಿರುಗಿ ಚೆಂಡು ಬಿಡುವ ಕ್ಷಣದಲ್ಲಿ ಹೆಗಲಿನ ಕೀಲನ್ನು ಹೊರಕ್ಕೆ ಎಳೆಯುವ ಬಲ, ತೋಳಿನ ಮುಂಭಾಗದ ಸ್ನಾಯುವಿನ ಮೇಲೆ ಬೀಳುವ ಒತ್ತಡ ಎರಡೂ ದೊಡ್ಡವೇ ಎಂದು ಈ ಶತಮಾನದ ಮೊದಲ ದಶಕದ ಅಧ್ಯಯನಗಳು ತೋರಿಸಿದವು. ತೊಂದರೆ ಏನೆಂದರೆ ಮಕ್ಕಳ ತಂಡದಲ್ಲಿ ಪಿಚರ್ ಇರುವುದು ಒಬ್ಬಳೋ ಇಬ್ಬರೋ. ಶನಿವಾರ ಭಾನುವಾರದ ಟೂರ್ನಮೆಂಟಿನಲ್ಲಿ ನಾಲ್ಕೈದು ಪಂದ್ಯ. ಚೆನ್ನಾಗಿ ಎಸೆಯುವ ಮಗುವೇ ಎಲ್ಲದಕ್ಕೂ ಬೇಕು.

ಅಮೆರಿಕದ ಕ್ರೀಡಾ ವೈದ್ಯರು ಇದಕ್ಕೆ ಮಿತಿ ಸೂಚಿಸಿದ್ದಾರೆ. ಒಂದು ಪಂದ್ಯಕ್ಕೆ ಎಂಟರಿಂದ ಹತ್ತು ವರ್ಷದವರಿಗೆ 50 ಎಸೆತ, ಹನ್ನೆರಡರವರೆಗೆ 65, ಹದಿಮೂರು ಹದಿನಾಲ್ಕಕ್ಕೆ 80, ಅದಕ್ಕಿಂತ ದೊಡ್ಡವರಿಗೆ 100. ಎಣಿಸಲು ಒಬ್ಬರು ಬೇಕಷ್ಟೇ. ನೋಟ್ ಪುಸ್ತಕದಲ್ಲಿ 'ಇಂದು ಎಸೆದದ್ದು' ಎಂಬ ಒಂದು ಸಾಲು ಇರಲಿ, 'ಎಸೆಯದ ದಿನ' ಎಂಬ ಸಾಲೂ ಇರಲಿ. ವಿಶ್ರಾಂತಿಯನ್ನು ಗುರಿಪಟ್ಟಿಯಲ್ಲಿ ಬರೆಯದಿದ್ದರೆ ಹಟದ ಮಗು ವಿಶ್ರಾಂತಿ ತೆಗೆದುಕೊಳ್ಳುವುದೇ ಇಲ್ಲ. ಹೆಗಲು ನೋಯುತ್ತಿದೆ ಎಂದು ಹೇಳಿದ ಮಗುವಿಗೆ "ಇನ್ನೊಂದು ಇನಿಂಗ್ಸ್ ತಡ್ಕೋ" ಎನ್ನುವುದು ಯಾವ ಗುರಿಗೂ ಸಲ್ಲದು.

ಪೆಟ್ಟಾದ ಮೇಲೂ ಹಿಂದಿರುಗಿದವರಿದ್ದಾರೆ. ಮಿಷೆಲ್ ಸ್ಮಿತ್ ಎಡಗೈ ಪಿಚರ್. 1986ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಚಲಿಸುತ್ತಿದ್ದ ವಾಹನದ ಬಾಗಿಲು ತೆರೆದು ಹೊರಗೆ ಬಿದ್ದು, ರಸ್ತೆ ಬದಿಯ ಕಂಬಕ್ಕೆ ಬಡಿದು ಅದೇ ಎಡಗೈಯ ಮೊಣಕೈ ಮೂಳೆ, ಸ್ನಾಯು ಹರಿದುಹೋಯಿತು. ಒಂಬತ್ತು ತಿಂಗಳ ಚಿಕಿತ್ಸೆ, ವ್ಯಾಯಾಮದ ನಂತರ ಮತ್ತೆ ಎಸೆಯತೊಡಗಿದರು. 1996 ಮತ್ತು 2000ದ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಅವರಿದ್ದರು.

ಗುರಿಯೇ ಇಲ್ಲವಾದಾಗ

ಜಪಾನಿನ ಯುಕಿಕೊ ಉಏನೊ ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚೀನಾ ವಿರುದ್ಧ ಒಬ್ಬ ಆಟಗಾರ್ತಿಯನ್ನೂ ನಿಲ್ದಾಣ ಮುಟ್ಟಲು ಬಿಡದೆ ಪೂರ್ತಿ ಪಂದ್ಯ ಎಸೆದರು. ಆದರೂ ತಂಡಕ್ಕೆ ದಕ್ಕಿದ್ದು ಕಂಚು. 2008ರಲ್ಲಿ ಬೀಜಿಂಗ್. ಅಮೆರಿಕ ಅದಕ್ಕೆ ಮುಂಚಿನ ಮೂರು ಒಲಿಂಪಿಕ್ಸ್‌ಗಳಲ್ಲೂ ಚಿನ್ನ ಗೆದ್ದಿತ್ತು. ಆಗಸ್ಟ್ 20ರಂದು ಒಂದೇ ದಿನ ಜಪಾನಿಗೆ ಎರಡು ಪಂದ್ಯ, ಎರಡೂ ಏಳು ಇನಿಂಗ್ಸ್ ದಾಟಿ ಎಳೆದವು, ಒಂದು ಒಂಬತ್ತಕ್ಕೆ, ಇನ್ನೊಂದು ಹನ್ನೆರಡಕ್ಕೆ. ಮರುದಿನ ಫೈನಲ್. ಮೂರರಲ್ಲೂ ಉಏನೊ ಅವರೇ ಎಸೆದರು. ಎರಡು ದಿನದಲ್ಲಿ 413 ಎಸೆತ. ಜಪಾನ್ 3-1ರಿಂದ ಗೆದ್ದಿತು.

(ಇದನ್ನು ಓದಿ ಯಾರಾದರೂ ಮಗಳಿಗೆ 413 ಎಸೆಯಿಸಲು ಹೊರಟರೆ ಮೇಲಿನ ಹೆಗಲಿನ ಲೆಕ್ಕವನ್ನು ಇನ್ನೊಮ್ಮೆ ಓದಿ. ಅವರಿಗೆ ಆಗ 26 ವರ್ಷ, ದೇಶದ ಅತ್ಯುತ್ತಮ ಆಟಗಾರ್ತಿ, ಎದುರಿಗಿದ್ದದ್ದು ಒಲಿಂಪಿಕ್ಸ್ ಫೈನಲ್.)

ಆದರೆ ನಾವು ಹೇಳಬೇಕೆಂದಿರುವುದು ಆಮೇಲಿನದು. ಮುಂದಿನ ಒಲಿಂಪಿಕ್ಸ್‌ನಿಂದ ಸಾಫ್ಟ್‌ಬಾಲನ್ನು ಕೈಬಿಡಲು 2005ರಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮತ ಹಾಕಿ ತೀರ್ಮಾನಿಸಿತ್ತು. 2012ರಲ್ಲಿ ಇಲ್ಲ, 2016ರಲ್ಲೂ ಇಲ್ಲ. ಜಗತ್ತಿನ ಎಷ್ಟೋ ಹುಡುಗಿಯರು ಗೋಡೆಯ ಮೇಲೆ ಬರೆದಿಟ್ಟ ಗುರಿಯನ್ನು ದೂರದ ಒಂದು ಕೋಣೆಯಲ್ಲಿ ಯಾರೋ ಮತ ಹಾಕಿ ಅಳಿಸಿಬಿಟ್ಟರು. ಫಲದ ಗುರಿಯನ್ನಷ್ಟೇ ನಂಬಿ ಕುಳಿತವರು ಆಗ ಏನು ಮಾಡಬೇಕು? ಉಏನೊ ತಮ್ಮ ದೇಶದ ಲೀಗಿನಲ್ಲಿ ಎಸೆಯುತ್ತಲೇ ಹೋದರು, ವರ್ಷದ ನಂತರ ವರ್ಷ. 2016ರ ಆಗಸ್ಟಿನಲ್ಲಿ ಟೋಕಿಯೋಗೆ ಮಾತ್ರ ಸಾಫ್ಟ್‌ಬಾಲ್ ವಾಪಸ್ ಎಂದು ತೀರ್ಮಾನವಾಯಿತು. 2020 ಬಂತು, ಜೊತೆಗೆ ಕೊರೊನಾ ಬಂತು, ಕ್ರೀಡಾಕೂಟ ಒಂದು ವರ್ಷ ಮುಂದೆ ಹೋಯಿತು. ಕೊನೆಗೆ 2021ರ ಜುಲೈ 27ರಂದು ಯೊಕೊಹಾಮಾದಲ್ಲಿ ಅದೇ ಅಮೆರಿಕದ ಎದುರು ಫೈನಲ್. ಐದು ದಿನದ ಹಿಂದೆಯಷ್ಟೇ 39 ತುಂಬಿದ ಉಏನೊ ಎಸೆಯಲು ಶುರು ಮಾಡಿದರು. ಮಧ್ಯದಲ್ಲಿ ಇಪ್ಪತ್ತು ವರ್ಷದ ಮಿಯು ಗೊಟೊ ಬಂದು ಎಸೆದಳು. ಕೊನೆಯ ಇನಿಂಗ್ಸಿಗೆ ಉಏನೊ ಮತ್ತೆ ವೃತ್ತಕ್ಕೆ ಬಂದರು. ಮೊದಲು ಆಡಿದವರು ಒಮ್ಮೆ ಹಿಂದಿರುಗಲು ಈ ಆಟದಲ್ಲಿ ಅವಕಾಶವಿದೆ. 2-0. ಹದಿಮೂರು ವರ್ಷದ ನಂತರ ಮತ್ತೆ ಚಿನ್ನ.

2024ರ ಪ್ಯಾರಿಸ್‌ನಲ್ಲಿ ಸಾಫ್ಟ್‌ಬಾಲ್ ಮತ್ತೆ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸುವ ತೀರ್ಮಾನ ಆದದ್ದು ನಮ್ಮ ಮುಂಬೈಯಲ್ಲೇ, 2023ರ ಅಕ್ಟೋಬರ್ ಸಭೆಯಲ್ಲಿ, ಕ್ರಿಕೆಟ್ಟಿನ ಜೊತೆಗೇ. ನಮ್ಮ ಪತ್ರಿಕೆಗಳಲ್ಲಿ ಕ್ರಿಕೆಟ್ ಸುದ್ದಿ ದೊಡ್ಡದಾಗಿ ಬಂತು, ಸಾಫ್ಟ್‌ಬಾಲ್ ಸುದ್ದಿಯನ್ನು ಯಾರೂ ಗಮನಿಸಲಿಲ್ಲ.

ಬಕೆಟ್ ಮೇಲೆ ಕುಳಿತವರಿಗೆ

ಇದು ಯಾರ ಗುರಿ ಎಂಬ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಚೆನ್ನಾಗಿ ಆಡುವ ಹುಡುಗಿಗೆ ಕಾಲೇಜು ವಿದ್ಯಾರ್ಥಿವೇತನ ಸಿಗಬಹುದು. 1972ರ ಕಾನೂನೊಂದು ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಎಂದು ವಿಧಿಸಿದ ಮೇಲೆ ಈ ಬಾಗಿಲು ತೆರೆಯಿತು, ಬಹಳ ಒಳ್ಳೆಯದಾಯಿತು. ಆದರೆ ಅದರ ಹಿಂದೆಯೇ ಅವಸರವೂ ಬಂತು. ಎಂಟನೇ ತರಗತಿಯ ಮಕ್ಕಳೇ ಯಾವ ಕಾಲೇಜಿಗೆ ಆಡುತ್ತೇವೆ ಎಂದು ಮಾತು ಕೊಡುವ ಮಟ್ಟಕ್ಕೆ ಹೋಯಿತು. ಕಡೆಗೆ 2018ರಲ್ಲಿ ನಿಯಮ ಬಿಗಿ ಮಾಡಿ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ದೊಡ್ಡ ಕಾಲೇಜುಗಳ ಕೋಚುಗಳು ಆಟಗಾರ್ತಿಯ ಜೊತೆ ಸೇರ್ಪಡೆಯ ಮಾತನ್ನೇ ಆಡಬಾರದು ಎಂದು ಮಾಡಬೇಕಾಯಿತು.

ನಮ್ಮಲ್ಲಿ ಪಿಚಿಂಗ್ ಇಲ್ಲದಿರಬಹುದು, ಬಕೆಟ್ ಇದೆ. ಸಿಇಟಿ, ನೀಟ್ ಕೋಚಿಂಗ್ ಮುಂದೆ ಸ್ಕೂಟರ್ ನಿಲ್ಲಿಸಿ ಕಾಯುವ ಅಪ್ಪ, ಮಗುವಿನ ಬದಲು ತಾನೇ ಟೈಮ್‌ಟೇಬಲ್ ಬರೆಯುವ ಅಮ್ಮ, ನಾವೆಲ್ಲ ಅದರ ಮೇಲೆ ಕುಳಿತವರೇ. ಕುಳಿತಿರುವುದು ತಪ್ಪಲ್ಲ. ಆ ಹುಡುಗಿಗೆ ಎಸೆದ ಚೆಂಡನ್ನು ಹಿಡಿಯಲು ಒಬ್ಬರು ಬೇಕೇ ಬೇಕು. ಆದರೆ ನೋಟ್ ಪುಸ್ತಕ ಯಾರ ಅಕ್ಷರದಲ್ಲಿದೆ ಎಂದು ನೋಡಿಕೊಳ್ಳಿ. ಅಪ್ಪನ ಅಕ್ಷರದಲ್ಲಿದ್ದರೆ ಅದು ಅಪ್ಪನ ಗುರಿ. ಮಗುವೇ ಬರೆಯಲಿ, ತಪ್ಪು ತಪ್ಪಾಗಿ ಬರೆದರೂ ಬರೆಯಲಿ. ಸಂಖ್ಯೆಯನ್ನೂ ಅವಳೇ ಹೇಳಲಿ. ದೊಡ್ಡವರಿಗೆ ಚಿಕ್ಕದೆನಿಸಿದರೆ ಸುಮ್ಮನಿರಲಿ. ಅವಳಿಗೇ ಎರಡು ವಾರದಲ್ಲಿ ಬೇಜಾರಾಗಿ ಹೆಚ್ಚಿಸುತ್ತಾಳೆ. ಈ ವರ್ಷ ಪಿಚಿಂಗ್ ಬೇಡ, ಬೇರೆ ಜಾಗದಲ್ಲಿ ಆಡುತ್ತೇನೆ ಎಂದು ಅವಳು ಹೇಳಿದರೆ ಆ ಪುಟವನ್ನೂ ಅವಳೇ ಬರೆಯಬೇಕು.

ಸೋತ ಪಂದ್ಯದ ನಂತರ ಮನೆಗೆ ಹೋಗುವ ಕಾರಿನಲ್ಲಿ ಏನು ಮಾತಾಡಬೇಕು ಎಂದು ಅಲ್ಲಿನ ಪೋಷಕರು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಸಲಹೆ ಕೇಳಿದರೆ, ಆಟದ ಮಾತು ಬೇಡ. ಹಸಿದಿದ್ದಾಳೆ, ಏನಾದ್ರೂ ತಿನ್ನಿಸಿ. ನಿದ್ದೆ ಬಂದರೆ ಮಲಗಲಿ. ಮರುದಿನವೋ ಅದರ ಮರುದಿನವೋ, ಅವಳೇ ಪುಸ್ತಕ ತೆಗೆದು ಕೂತಾಗ, ಹತ್ತು ಚೇಂಜಪ್ ಎಸೆದಳೇ ಎಂಬ ಸಾಲಿಗೆ ಉತ್ತರ ಬರೆಯಲಿ. ಏಳು ಎಸೆದಿದ್ದರೆ ಏಳು. ಆಮೇಲೆ ಮುಂದಿನ ಮಂಗಳವಾರ ಎಷ್ಟು ಹೊತ್ತಿಗೆ ಹಿತ್ತಿಲಿಗೆ ಬರಬೇಕು ಎಂದು ಅವಳನ್ನೇ ಕೇಳಿ.